ಫೀಸಿನ ಆಚೆಗಿನ ಖರ್ಚು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಯ ಐವತ್ತು ವರ್ಷಗಳ ಹೆಮ್ಮೆಯನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ಇಲ್ಲಿ ಕಲಿತು, ಈಗ ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು ಒಂದೇ ವಿಷಯ ಮಾತಾಡುತ್ತೇನೆ. ನಾನು ಕಂಡಂತೆ, ನಮ್ಮ ಭಾಗದ ಮಕ್ಕಳು ಓದು ಬಿಡುವುದು ಫೀಸು ಕಟ್ಟಲಾಗದೆ ಅಲ್ಲ. ಊಟಕ್ಕೆ ಮತ್ತು ಕೋಣೆ ಬಾಡಿಗೆಗೆ ದುಡ್ಡಿಲ್ಲದೆ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ರೈಲು ದಾರಿಯಲ್ಲಿವೆ. ಬುತ್ತಿ ಕಟ್ಟಿಕೊಂಡು, ಪಾಸು ಮಾಡಿಸಿ ಓಡಾಡಿ ಓದುವವರಿದ್ದಾರೆ. ಚಿಂಚೋಳಿಗೆ ರೈಲಿಲ್ಲ. ಅಲ್ಲಿನ ತಾಂಡಾದ ಹುಡುಗ ಕಲಬುರಗಿಯಲ್ಲಿ ಉಳಿದೇ ಓದಬೇಕು. 2023ರ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಖರ್ಚು ಉಳಿಯಿತು, ಬಾಡಿಗೆ ಉಳಿಯಲಿಲ್ಲ.

ಹಿಂದೆ ಬಡ ಹುಡುಗರು ವಾರಾನ್ನದ ಮನೆಗಳಲ್ಲಿ, ಮಠದ ಪ್ರಸಾದದಲ್ಲಿ ಓದಿದರು. ಈಗ ಸರಕಾರದ ಸಹಾಯ ಹಕ್ಕಾಗಿ ಬಂದಿದೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ 2013-14ರಲ್ಲಿ ವಿದ್ಯಾಸಿರಿ ಬಂತು. ಆಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಪರಿಶಿಷ್ಟ ಜಾತಿಯ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ 2.5 ಲಕ್ಷ ಮೀರದಿದ್ದರೆ, ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಹಾಸ್ಟೆಲ್ ಖರ್ಚನ್ನೂ ಸೇರಿಸಬಹುದು, 7.5 ಲಕ್ಷದವರೆಗೆ ಆಸ್ತಿ ಅಡವು ಬೇಕಿಲ್ಲ. ತೊಗರಿ ಬೆಳೆಯುವ ಎರಡೆಕರೆ ಹೊಲವನ್ನು ಸಾಹುಕಾರನ ಕೈಗಿಡುವ ಮುಂಚೆ ತಂದೆ-ತಾಯಿಗಳು ಇದನ್ನು ತಿಳಿದಿರಬೇಕು.

ತೊಡಕಿರುವುದು ಹಣ ಬರುವ ಹೊತ್ತಿನಲ್ಲಿ. ಬಾಡಿಗೆ ಮುಂಗಡವನ್ನು ಮೊದಲ ದಿನವೇ ಕೊಡಬೇಕು, ವಿದ್ಯಾರ್ಥಿವೇತನ ಎಷ್ಟೋ ತಿಂಗಳ ಮೇಲೆ ಖಾತೆಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಮನೆಯ ಆದಾಯ ನೋಡಿ ಜೀವನ ವೆಚ್ಚದ ಸಾಲ ಕೊಡುತ್ತಾರೆ. ಅದನ್ನು ವರ್ಷಕ್ಕೆ ಮೂರು ಕಂತಿನಲ್ಲಿ, ಒಂದೊಂದು ಅವಧಿ ಶುರುವಾಗುವಾಗಲೇ ಹಾಕುತ್ತಾರೆ. ಹಸಿವಿಗೆ ಮುಂಚೆ ಬಂದ ರೊಟ್ಟಿಗೇ ಬೆಲೆ.

ನಮ್ಮ ಕೈಯಲ್ಲಿರುವ ಕೆಲಸ ಎರಡು. ಮೊದಲನೆಯದು ಕಾಗದಪತ್ರ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಮಂಜೂರಾದ ಹಣವೂ ನಿಲ್ಲುತ್ತದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಬಾಳಿಕೆ ಇದೆ. ಹತ್ತನೇ ತರಗತಿಯಲ್ಲೇ ಇವನ್ನೆಲ್ಲ ಸರಿಮಾಡಿಸಿದರೆ ಮಗು ಪದವಿಯ ಬಾಗಿಲಲ್ಲಿ ಅಲೆದಾಡುವುದಿಲ್ಲ. ಗುರುಗಳು ವರ್ಷಕ್ಕೊಂದು ಶನಿವಾರ ಕೊಟ್ಟರೆ, ನಾವು ಹಳೆಯ ವಿದ್ಯಾರ್ಥಿಗಳು ಬಂದು ಕೂಡುತ್ತೇವೆ.

ಎರಡನೆಯದು ಕೈಗಡದ ನಿಧಿ. ಸಿಮೆಂಟ್ ಕಾರ್ಖಾನೆಯಲ್ಲಿ, ರೈಲ್ವೆಯಲ್ಲಿ, ಬೆಂಗಳೂರು-ಹೈದರಾಬಾದಿನಲ್ಲಿ ದುಡಿಯುವ ನಾವು ಕೈಲಾದಷ್ಟು ಹಾಕೋಣ. ಈ ಶಾಲೆಯಿಂದ ಹೋದ ಮಗುವಿಗೆ ಮೊದಲ ಮೂರು ತಿಂಗಳ ಊಟ-ಬಾಡಿಗೆಯನ್ನು ಬಡ್ಡಿಯಿಲ್ಲದೆ ಕೊಡೋಣ. ವಿದ್ಯಾರ್ಥಿವೇತನ ಬಂದ ಮೇಲೆ ತಿರುಗಿಸಲಿ. ಅದೇ ಹಣ ಇನ್ನೊಬ್ಬರಿಗೆ ಹೋಗಲಿ. ಯಾರಿಗೆ ಕೊಟ್ಟೆವೆಂದು ಬೋರ್ಡಿನ ಮೇಲೆ ಬರೆಯುವುದು ಬೇಡ. ಬಡತನ ಹೇಳಿಕೊಳ್ಳಲು ನಾಚಿಕೊಂಡೇ ಎಷ್ಟೋ ಮಕ್ಕಳು ಅರ್ಜಿ ಹಾಕುವುದಿಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟುವ ಮಾತು ಬಂದಿದೆ. ಕಟ್ಟೋಣ. ಅದರ ಜೊತೆಗೆ ಈ ನಿಧಿಯೂ ಇವತ್ತೇ ಶುರುವಾಗಲಿ ಎಂದು ಕೇಳಿಕೊಂಡು, ನನ್ನ ಮೊದಲ ಕಾಣಿಕೆಯನ್ನು ಮುಖ್ಯ ಗುರುಗಳ ಕೈಗೆ ಕೊಟ್ಟು, ನನ್ನ ಮಾತು ಮುಗಿಸುತ್ತೇನೆ.