ಫಾರಿನ್ ಲ್ಯಾಬ್‌ಗೆ ಹೋಗೋ ಮುಂಚೆ: ದುಡ್ಡು ಯಾರು ಕೊಡ್ತಾರೆ, ಯಾವಾಗ ಕೊಡ್ತಾರೆ?

ಬಸ್ಸಲ್ಲಿ ಕೂತಿದ್ದೀರೋ, ಹಾಸ್ಟೆಲ್ ಮಂಚದ ಮೇಲೆ ಬಿದ್ಕೊಂಡಿದ್ದೀರೋ, ಒಂದು ನಾಲ್ಕು ನಿಮಿಷ ಕೊಡಿ.

ಬಯೋಟೆಕ್, ಮೈಕ್ರೋಬಯಾಲಜಿ, ಎಂಬಿಬಿಎಸ್ ಓದ್ತಿರೋ ಕೇಳುಗರು ಪದೇ ಪದೇ ಕೇಳೋದು ಎರಡೇ ಪ್ರಶ್ನೆ. ಹೊರದೇಶದ ಲ್ಯಾಬಲ್ಲಿ ಸ್ವಲ್ಪ ದಿನ ಕೆಲಸ ಕಲಿಯೋಕಾಗುತ್ತಾ? ದುಡ್ಡೆಷ್ಟಾಗುತ್ತೆ? ನಾನು ಬಿಕಾಂ ಓದಿದವನು. ಪಿಪೆಟ್ ಹಿಡಿಯೋಕೆ ಬರಲ್ಲ, ಆದ್ರೆ ಎರಡನೇ ಪ್ರಶ್ನೆ ನಮ್ಮ ಏರಿಯಾ.

ಮೊದಲು ಒಂದು ಹೆಸರು: ಹರ್ ಗೋಬಿಂದ್ ಖೊರಾನಾ. ಈಗ ಪಾಕಿಸ್ತಾನದಲ್ಲಿರೋ ಒಂದು ಪುಟ್ಟ ಹಳ್ಳಿಯವರು. 1945ರಲ್ಲಿ ಭಾರತ ಸರ್ಕಾರದ ಫೆಲೋಶಿಪ್ ಸಿಕ್ಕಿ ಲಿವರ್‌ಪೂಲ್‌ಗೆ ಹೋದ್ರು, ಅಲ್ಲಿಂದ ಜ್ಯೂರಿಚ್, ಕೇಂಬ್ರಿಜ್. 1968ರಲ್ಲಿ ನೊಬೆಲ್ ಬಂತು. ಊರಲ್ಲಿ ಅಕ್ಷರ ಬಲ್ಲ ಕುಟುಂಬ ಅಂದ್ರೆ ಹೆಚ್ಚುಕಡಿಮೆ ಅವರದೊಂದೇ. ಆ ಫೆಲೋಶಿಪ್ ಇಲ್ಲದಿದ್ರೆ ಹಡಗಿನ ಟಿಕೆಟ್ ಎಲ್ಲಿಂದ ಬರ್ತಿತ್ತು, ಹೇಳಿ?

ಹಾಗಾಗಿ ಯಾವ ಪ್ರೋಗ್ರಾಂ ನೋಡಿದ್ರೂ ಮೊದಲು ಕೇಳಿ: ಖರ್ಚು ಯಾರದು? ನನ್ನ ಲೆಕ್ಕದಲ್ಲಿ ಮೂರು ತರ ಇದೆ.

ಒಂದು, ಕರೆಯೋರೇ ಖರ್ಚು ನೋಡ್ಕೊಳ್ಳೋದು. ಜಪಾನಿನ ಒಕಿನಾವಾದಲ್ಲಿರೋ ಓಐಎಸ್‌ಟಿ ಸಂಸ್ಥೆಯ ರಿಸರ್ಚ್ ಇಂಟರ್ನ್‌ಶಿಪ್ ಹಾಗೆ. ಹೋಗಿಬರೋ ಪ್ರಯಾಣ, ಉಳಿಯೋಕೆ ಜಾಗ, ಜೊತೆಗೆ ಭತ್ಯೆ. ಪದವಿ ಓದ್ತಿರೋರೂ ಅರ್ಜಿ ಹಾಕಬಹುದು.

ಎರಡು, ಕೊಡು-ಕೊಳ್ಳು. ವೈದ್ಯಕೀಯ ವಿದ್ಯಾರ್ಥಿಗಳ ಒಕ್ಕೂಟ ಐಎಫ್‌ಎಂಎಸ್‌ಎ 1951ರಿಂದ ಇದೆ. ನೀವು ಅಲ್ಲಿಗೆ, ಅವರು ಇಲ್ಲಿಗೆ, ಸುಮಾರು ಒಂದು ತಿಂಗಳು. ಉಳಿಯೋ ವ್ಯವಸ್ಥೆ, ದಿನಕ್ಕೊಂದು ಊಟ ಆತಿಥೇಯರದು. ವಿಮಾನ, ವೀಸಾ, ಇನ್ಶೂರೆನ್ಸ್ ನಿಮ್ಮದು. "ಎಕ್ಸ್‌ಚೇಂಜ್" ಅನ್ನೋ ಪದ ಕೇಳಿ ಎಲ್ಲಾ ಫ್ರೀ ಅಂದ್ಕೋಬೇಡಿ.

ಮೂರು, ಸರ್ಕಾರದ ದುಡ್ಡು. ಪಿಎಚ್‌ಡಿ ಮಾಡ್ತಿರೋರಿಗೆ ಫುಲ್‌ಬ್ರೈಟ್-ನೆಹರು ಇದೆ, ಆರರಿಂದ ಒಂಬತ್ತು ತಿಂಗಳು ಅಮೆರಿಕದಲ್ಲಿ. ಷರತ್ತೂ ಇದೆ: ಮುಗಿದ ಮೇಲೆ ಎರಡು ವರ್ಷ ನಮ್ಮ ದೇಶದಲ್ಲಿರಬೇಕು, ಅದಕ್ಕೆ ಮುಂಚೆ ಎಚ್‌-1ಬಿ ವೀಸಾ, ಗ್ರೀನ್ ಕಾರ್ಡ್ ಇಲ್ಲ. ಸಹಿ ಹಾಕೋ ಮುಂಚೆನೇ ಮನೇಲಿ ಕೂತು ಮಾತಾಡಿ. ಯುರೋಪ್ ಬೇಕು ಅನ್ನೋರು ಎಂಬೊ ಸಂಸ್ಥೆಯ ಎಕ್ಸ್‌ಚೇಂಜ್ ಗ್ರಾಂಟ್ ನೋಡಿ. ಗರಿಷ್ಠ ಮೂರು ತಿಂಗಳು. ಅದರ ವ್ಯವಸ್ಥೆಯಲ್ಲಿ ಭಾರತ 2016ರಿಂದ ಸಹ ಸದಸ್ಯ ದೇಶ.

ಈಗ ಎರಡನೇ ಪ್ರಶ್ನೆ: ದುಡ್ಡು ಯಾವಾಗ ಬರುತ್ತೆ? ಕಾಮರ್ಸಲ್ಲಿ ಇದಕ್ಕೆ ಕ್ಯಾಶ್ ಫ್ಲೋ ಅಂತೀವಿ. ಪೂರ್ತಿ ಸ್ಕಾಲರ್‌ಶಿಪ್ ಇದ್ರೂ ಪಾಸ್‌ಪೋರ್ಟ್, ವೀಸಾ ಇಂಟರ್‌ವ್ಯೂಗೆ ಚೆನ್ನೈಗೋ ಹೈದರಾಬಾದ್‌ಗೋ ಓಡಾಟ, ಚಳಿಗೆ ಜಾಕೆಟ್, ಮೊದಲ ಎರಡು ವಾರದ ಊಟ, ಇದೆಲ್ಲ ಮೊದಲೇ ಕೈಯಿಂದ ಹೋಗುತ್ತೆ. "ಬಿಲ್ ಕೊಡಿ, ಆಮೇಲೆ ಕೊಡ್ತೀವಿ" ಅನ್ನೋ ಕಡೆ ಅಪ್ಪನ ಹತ್ರ ಕ್ರೆಡಿಟ್ ಕಾರ್ಡ್ ಇರೋರಿಗೆ ತೊಂದ್ರೆ ಇಲ್ಲ. ಬೆಳೆ ಬಂದ ಮೇಲೆ ಫೀಸ್ ಕಟ್ಟೋ ಮನೆಯ ಹುಡುಗಿ ಮಾತ್ರ ಆಯ್ಕೆಯಾದ ಮೇಲೂ ಹಿಂದೆ ಸರೀತಾಳೆ. ಅವಳಲ್ಲಿ ಪ್ರತಿಭೆ ಕಡಿಮೆ ಇತ್ತಾ? ಇಲ್ಲ, ಅಡ್ವಾನ್ಸ್ ಕೊಡೋರು ಇರ್ಲಿಲ್ಲ ಅಷ್ಟೇ.

ಅದಕ್ಕೆ ಆಯ್ಕೆ ಪತ್ರ ಬಂದ ದಿನವೇ ಮೇಲ್ ಮಾಡಿ: ಟಿಕೆಟ್ ನೀವೇ ಬುಕ್ ಮಾಡ್ತೀರಾ? ಮೊದಲ ಕಂತು ಯಾವ ದಿನ? ಹೀಗೆ ಕೇಳೋದ್ರಲ್ಲಿ ನಾಚಿಕೆ ಏನಿಲ್ಲ. ಕಾಲೇಜಲ್ಲೂ ಕೇಳಿ, ಹಳೆ ವಿದ್ಯಾರ್ಥಿಗಳ ಸಂಘ ಕೈಸಾಲ ಕೊಡಬಹುದು. ಲೆಕ್ಚರರ್‌ಗಳು ಕೇಳಿಸ್ಕೊಳ್ತಿದ್ರೆ, ಸರ್, ಮೇಡಂ, ಇಂಥ ಒಂದು ಸಣ್ಣ ನಿಧಿ ಶುರು ಮಾಡಿ. ಮಗು ವಾಪಸ್ ಬಂದ್ಮೇಲೆ ತೀರಿಸುತ್ತೆ.

ಕೊನೇ ಮಾತು. "ಸೀಟ್ ಗ್ಯಾರಂಟಿ, ಮೊದಲು ಇಷ್ಟು ಸಾವಿರ ಹಾಕಿ" ಅಂತ ವಾಟ್ಸಾಪ್‌ನಲ್ಲಿ ಯಾರಾದ್ರೂ ಬಂದ್ರೆ ಅಲ್ಲಿಗೇ ನಿಲ್ಸಿ. ಆ ವರ್ಷದ ನಿಯಮ, ಕೊನೆ ದಿನಾಂಕ ಎಲ್ಲಾ ಸಂಸ್ಥೆಯ ಸ್ವಂತ ವೆಬ್‌ಸೈಟಲ್ಲೇ ನೋಡಿ.

ಈ ಎಪಿಸೋಡನ್ನ ಅರ್ಜಿ ತುಂಬಿಸಿ, ಕಳ್ಸೋದೋ ಬೇಡ್ವೋ ಅಂತ ಯೋಚಿಸ್ತಿರೋ ಒಬ್ಬ ಫ್ರೆಂಡ್‌ಗೆ ಫಾರ್ವರ್ಡ್ ಮಾಡಿ. ಸಿಗೋಣ.