ಸೋಪಿಗೆ ಯಾವ ಬಣ್ಣ ಹಾಕಬೇಕು?

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಸಭೆಯಲ್ಲಿ ಸ್ವಸಹಾಯ ಗುಂಪಿನ ಪರವಾಗಿ ಮಾಡಿದ ಭಾಷಣ)



 ನಮ್ಮ ಗುಂಪಿನವರು ಕೊಬ್ಬರಿ ಎಣ್ಣೆಯಿಂದ ಸೋಪು, ಕಡಲೆಹಿಟ್ಟು-ಹೆಸರುಹಿಟ್ಟಿನಿಂದ ಸ್ನಾನದ ಪುಡಿ ಮಾಡುತ್ತಿರುವುದು ತಮಗೆಲ್ಲ ತಿಳಿದದ್ದೇ. ಮುಂದೆ ಸಂಘದ ಹೆಸರಿನಲ್ಲಿ ಮಾರಬೇಕೆಂಬ ಆಸೆಯೂ ಇದೆ. ಆದರೆ ಹೋದಲ್ಲೆಲ್ಲ ಒಂದೇ ಮಾತು ಕೇಳುತ್ತೇವೆ: "ಬಣ್ಣ ಇಲ್ದಿದ್ರೆ ಸಂತೇಲಿ ಯಾರು ತಗೋತಾರೆ? ಏನಾದ್ರೂ ಒಂದು ಬಣ್ಣ ಹಾಕಿ." ಈ 'ಏನಾದ್ರೂ ಒಂದು' ಎಂಬುದೇ ಅಪಾಯ. ಅದನ್ನು ತಿಳಿಸಲೆಂದೇ ನಿಂತಿದ್ದೇವೆ.

ಸೋಪು ಎಂದರೆ ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಕೂಡಿ ಆಗುವ ವಸ್ತು. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಚರ್ಮಕ್ಕೆ ಹಿತವಾಗಿರಲೆಂದು ನೂರಕ್ಕೆ ಐದರಷ್ಟು ಕಡಿಮೆ, ಅಂದರೆ 174 ಗ್ರಾಂ ಹಾಕುತ್ತೇವೆ. ಇಷ್ಟು ಕ್ಷಾರದಲ್ಲಿ ಎಲ್ಲ ಬಣ್ಣವೂ ಉಳಿಯುವುದಿಲ್ಲ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುವುದಿಲ್ಲವೇ? ಸೋಪಿನಲ್ಲಿ ನಡೆಯುವುದೂ ಅದೇ. ಹಾಕಿದ ಅರಿಶಿನ ಮೊದಲು ಕೆಂಪಾಗಿ, ಸೋಪು ಒಣಗುತ್ತಾ ಕಿತ್ತಳೆ-ಹಳದಿಗೆ ಇಳಿಯುತ್ತದೆ. ಬಿಸಿಲು ಬಿದ್ದರೆ ಇನ್ನೂ ಮಾಸುತ್ತದೆ. ಬೀಟ್‌ರೂಟ್ ರಸದ ಕೆಂಪು ಕಂದಾಗಿಬಿಡುತ್ತದೆ. ದಾಸವಾಳದ್ದೂ ಅದೇ ಕಥೆ. ಬೇವಿನ ಸೊಪ್ಪಿನ ಹಸಿರು ದಿನ ಕಳೆದಂತೆ ಒಣಗಿದ ಎಲೆಯ ಬಣ್ಣಕ್ಕೆ ತಿರುಗುತ್ತದೆ.

ಹಾಗಾದರೆ ತಡೆಯುವ ಬಣ್ಣ ಯಾವುದು? ಮಂಜಿಷ್ಠದ ಬೇರಿನ ಪುಡಿ ನಸುಗೆಂಪು ಕೊಡುತ್ತದೆ. ರತನ್‌ಜೋತ್ ಬೇರನ್ನು ಎಣ್ಣೆಯಲ್ಲಿ ನೆನೆಸಿದರೆ ಎಣ್ಣೆ ಕೆಂಪಾಗುತ್ತದೆ, ಸೋಪಾದ ಮೇಲೆ ನೇರಳೆಗೆ ತಿರುಗುತ್ತದೆ. ಅನಾಟೋ ಬೀಜ ನೆನೆಸಿದ ಎಣ್ಣೆಯಿಂದ ಹಳದಿ-ಕಿತ್ತಳೆ ಬರುತ್ತದೆ. ಇದ್ದಿಲಿನ ಕಪ್ಪು, ಐರನ್ ಆಕ್ಸೈಡಿನ ಕೆಂಪು, ಅಲ್ಟ್ರಾಮರೀನ್ ನೀಲಿ ಇವು ಕ್ಷಾರಕ್ಕೆ ಜಗ್ಗುವುದಿಲ್ಲ. ಒಂದು ಕಿಲೋ ಎಣ್ಣೆಗೆ ಎರಡು ಟೀ ಚಮಚ ಪುಡಿ ಧಾರಾಳವಾಯಿತು. ಅದನ್ನು ಸ್ವಲ್ಪ ಎಣ್ಣೆಯಲ್ಲಿ ಕಲಸಿ ಹಾಕಿದರೆ ಗಂಟಾಗುವುದಿಲ್ಲ.

ಸ್ನಾನದ ಪುಡಿಗೆ ಕ್ಷಾರದ ಕಾಟ ಇಲ್ಲ. ಅಲ್ಲಿ ಅರಿಶಿನ, ಒಣಗಿದ ಗುಲಾಬಿ ಎಸಳು, ಬೇವಿನ ಪುಡಿ ಧಾರಾಳವಾಗಿ ನಡೆಯುತ್ತವೆ. ತೇವ ಮಾತ್ರ ಇರಬಾರದು, ಬೂಷ್ಟು ಹಿಡಿಯುತ್ತದೆ. ನಿಂಬೆ ಉಪ್ಪು ಸೇರುವ ಸ್ನಾನದ ಗುಳಿಗೆ ಮಾಡುವವರು ಅಲ್ಟ್ರಾಮರೀನ್ ಬಳಸಬೇಡಿ. ಹುಳಿಗೆ ಅದು ಬಣ್ಣ ಬಿಟ್ಟು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ.

ಇನ್ನು ಮುಖ್ಯವಾದ ಮಾತು. ಬಟ್ಟೆಯ ಬಣ್ಣ, ಹೋಳಿ ಬಣ್ಣ, ರಂಗೋಲಿ ಪುಡಿ, ಬಟ್ಟೆಗೆ ಹಾಕುವ ನೀಲಿ, ಅಂಗಡಿಯ ಕುಂಕುಮ ಯಾವುದನ್ನೂ ಸೋಪಿಗೆ ಹಾಕಕೂಡದು. ಅಗ್ಗವಾಗಿ ಸಿಗುತ್ತದೆ, ಕಣ್ಣಿಗೂ ಹೊಡೆಯುತ್ತದೆ, ನಿಜ. ಆದರೆ ಅವನ್ನು ಮೈಗೆ ಉಜ್ಜಲೆಂದು ಮಾಡಿಲ್ಲ. "ಕೆಮ್ಮಣ್ಣು ನಮ್ಮ ಹೊಲದ್ದೇ ಅಲ್ವಾ" ಎಂದು ಕೆಲವರು ಕೇಳುತ್ತಾರೆ. ನೆಲದಿಂದ ತೆಗೆದ ಮಣ್ಣಿನಲ್ಲಿ ಸೀಸ, ಪಾಷಾಣ ಬೆರೆತಿರಬಹುದು. ಆದ್ದರಿಂದಲೇ ಮೈಗೆ ಹಚ್ಚುವ ವಸ್ತುಗಳಿಗೆ ಶುದ್ಧವಾಗಿ ತಯಾರಿಸಿದ ಐರನ್ ಆಕ್ಸೈಡನ್ನೇ ಕೊಳ್ಳಬೇಕು. ಬಿಡಿ ಅರಿಶಿನದ ಪುಡಿಯಲ್ಲೂ ಮೆಟಾನಿಲ್ ಯೆಲ್ಲೋ, ಸೀಸದ ಕ್ರೋಮೇಟ್ ಬೆರೆಸುವವರಿದ್ದಾರೆ. ಕೊಂಬು ತಂದು ನಾವೇ ಪುಡಿ ಮಾಡಿಸುವುದು ಲೇಸು.

ಮನೆಗೆ ಮಾಡುವುದು ಬೇರೆ, ಮಾರುವುದು ಬೇರೆ. ಮಾರುವ ಮೈಸೋಪು ಕಾನೂನಿನಲ್ಲಿ ಸೌಂದರ್ಯವರ್ಧಕ ಎನಿಸುತ್ತದೆ. 2020ರ ಸೌಂದರ್ಯವರ್ಧಕ ನಿಯಮಗಳಂತೆ ಪರವಾನಗಿ ಬೇಕು, ಭಾರತೀಯ ಮಾನಕ 4707ರ ಮೊದಲ ಭಾಗದ ಪಟ್ಟಿಯಲ್ಲಿರುವ ಬಣ್ಣವನ್ನೇ ಬಳಸಬೇಕು. ಬಣ್ಣ ಹಚ್ಚಲು ಸೀಸದ, ಪಾಷಾಣದ ವಸ್ತುಗಳನ್ನು ಬಳಸುವಂತಿಲ್ಲ. ಸಾವಯವ ಬಣ್ಣಗಳಲ್ಲಿ ಹತ್ತು ಲಕ್ಷ ಪಾಲಿಗೆ ಸೀಸ 20 ಪಾಲು, ಪಾಷಾಣ 2 ಪಾಲು ಮೀರಬಾರದು. ಇದನ್ನು ನಾವು ಕಣ್ಣಲ್ಲಿ ನೋಡಿ ಹೇಳಲಾರೆವು. ಪರೀಕ್ಷಾ ಪತ್ರವೇ ಹೇಳಬೇಕು.

ಆದಕಾರಣ ಆಡಳಿತ ಮಂಡಳಿಗೆ ನಮ್ಮ ಮೂರು ಅರಿಕೆಗಳಿವೆ. ಒಂದು, ಬಣ್ಣವನ್ನು ಒಬ್ಬೊಬ್ಬರು ಬಿಡಿಯಾಗಿ ಕೊಳ್ಳುವ ಬದಲು ಸಂಘವೇ ಬಿಲ್ಲು ಮತ್ತು ಪರೀಕ್ಷಾ ಪತ್ರ ಸಮೇತ ತರಿಸಿ ಹಂಚಲಿ. ಒಬ್ಬರಿಗೆ ಹೊರೆಯಾಗುವ ಖರ್ಚು ಎಲ್ಲರೂ ಕೂಡಿದರೆ ಹಗುರ, ಸಹಕಾರ ಅಂದ್ರೆ ಇದೇ ಅಲ್ಲವೇ? ಎರಡು, ಪ್ರತಿ ಅಚ್ಚಿನ ದಿನಾಂಕ, ಎಣ್ಣೆ, ಬಣ್ಣದ ತೂಕ ಬರೆದಿಡಲು ಒಂದು ಪುಸ್ತಕ ಇಡೋಣ. ಸೋಪಿನ ಅರ್ಧಕ್ಕೆ ಕಾಗದ ಸುತ್ತಿ ಒಂದು ತಿಂಗಳು ಕಿಟಕಿಯಲ್ಲಿಟ್ಟರೆ ಬಣ್ಣ ಮಾಸುವುದೋ ಇಲ್ಲವೋ ತಿಳಿಯುತ್ತದೆ. ಬಿಳಿ ಬಟ್ಟೆಗೆ ಉಜ್ಜಿ ನೋಡಿದರೆ ಕಲೆ ಹಿಡಿಯಬಾರದು. ಮೂರು, ಪರವಾನಗಿ ಕೈಗೆ ಬರುವವರೆಗೆ ಸಂಘದ ಹೆಸರಿನಲ್ಲಿ ಒಂದು ಸೋಪೂ ಹೊರಗೆ ಹೋಗುವುದು ಬೇಡ.

ತಡವಾಗುತ್ತದೆ ಎಂದು ನಮ್ಮ ತಾಯಂದಿರಲ್ಲಿ ಕೆಲವರಿಗೆ ಬೇಸರವಿದೆ. ಕೈಗೆ ನಾಲ್ಕು ಕಾಸು ಬೇಗ ಬರಲಿ ಎಂಬ ಕಷ್ಟ ನಮಗೂ ಗೊತ್ತು. ಆದರೆ ಆ ಸೋಪು ಯಾವುದೋ ಮನೆಯ ಎಳೆಗೂಸಿನ ಮೈ ಮುಟ್ಟುತ್ತದೆ. ಮೈಯೆಲ್ಲ ಗಂಧೆ ಎದ್ದ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಸಂಘದ ಬಾಗಿಲಿಗೆ ಬಂದರೆ, ಇಪ್ಪತ್ತೈದು ವರ್ಷ ಗಳಿಸಿದ ಹೆಸರು ಅಂದೇ ಹೋಗುತ್ತದೆ. ಬಣ್ಣವೇ ಇಲ್ಲದ ಕೊಬ್ಬರಿ ಎಣ್ಣೆ ಸೋಪು ಹಾಲಿನಂತೆ ಬೆಳ್ಳಗಿರುತ್ತದೆ. ಸರಿಯಾದ ಬಣ್ಣ ಸಿಗುವ ತನಕ ಅದನ್ನೇ ಮನೆಮಂದಿ ಬಳಸೋಣ.