ಗೋಮಾಳಗಳ ಪುನರುಜ್ಜೀವನ

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಊರೊಟ್ಟಿನ ದನಗಳು ಮೇಯುವ ನೆಲಕ್ಕೆ ಕನ್ನಡ ನಾಡಿನಲ್ಲಿ ಹೆಸರುಗಳು ಹಲವು. ಹಳೆಯ ಮೈಸೂರಿನವರು ಗೋಮಾಳವೆನ್ನುವರು. ಧಾರವಾಡದ ಕಡೆಯವರು ಗಾಯರಾಣವೆನ್ನುವರು. ಅಮೃತಮಹಲ್ ತಳಿಯ ದನಗಳಿಗೆಂದು ಮೈಸೂರು ಸಂಸ್ಥಾನವು ಕಾದಿರಿಸಿದ ಹುಲ್ಲುಗಾವಲಿಗೆ ಕಾವಲೆಂದು ಹೆಸರು. ಹೆಸರು ಯಾವುದಾದರೂ ಅವುಗಳ ಇಂದಿನ ಅವಸ್ಥೆಯು ಬಹುಮಟ್ಟಿಗೆ ಒಂದೇ ಆಗಿದೆ: ಅಂಚಿನಲ್ಲಿ ಒತ್ತುವರಿ, ನಡುವೆ ಬಳ್ಳಾರಿ ಜಾಲಿ, ಉಳಿದೆಡೆಯಲ್ಲಿ ಬರಿಯ ಕಲ್ಲುನೆಲ.

ಇದರಿಂದ ಕೆಡುವವರು ಯಾರೆಂಬುದನ್ನು ಮೊದಲು ವಿಚಾರಿಸೋಣ. ಹತ್ತಾರು ಎಕರೆ ಹೊಲವುಳ್ಳವನ ಹಿತ್ತಿಲಲ್ಲಿ ಮೇವಿನ ಬಣವೆಯಿರುವುದು. ಹೊಲವಿಲ್ಲದೆ ಒಂದು ಎಮ್ಮೆ, ಎರಡು ಆಡುಗಳನ್ನು ನಂಬಿ ಮಕ್ಕಳನ್ನು ನಿಮ್ಮ ಶಾಲೆಗೆ ಕಳುಹಿಸುವ ಬಡ ವಿಧವೆಗೆ ಗೋಮಾಳವೇ ಆಸ್ತಿ. ಮಂದೆಯೊಡನೆ ಊರೂರು ಅಲೆಯುವ ಕುರುಬನಿಗೂ ಅದೇ ಆಧಾರ. ಗೋಮಾಳವು ಹಾಳಾದ ವರುಷ ಮೊದಲು ಸಂತೆಗೆ ಹೋಗುವುದು ಇಂಥವರ ದನವೇ.

ಕಾಯಿದೆಯು ಈ ನೆಲವನ್ನು ಮರೆತಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 71ನೆಯ ಕಲಮಿನಂತೆ ಸರಕಾರಿ ನೆಲವನ್ನು ಉಚಿತ ಮೇವಿಗಾಗಿ ತೆಗೆದಿರಿಸಬಹುದು. ನೂರು ದನಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ, ಎಂಬುದು 1966ರ ನಿಯಮಗಳ ಲೆಕ್ಕ. ಊರೊಟ್ಟಿನ ನೆಲದ ಅಕ್ರಮ ಒತ್ತುವರಿಗಳನ್ನು ತೆರವು ಮಾಡಿ ಅದನ್ನು ಗ್ರಾಮಕ್ಕೆ ಮರಳಿಸಲು ಯೋಜನೆಗಳನ್ನು ಮಾಡಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿ 28ರಂದು, ಜಗಪಾಲ್ ಸಿಂಗರ ಮೊಕದ್ದಮೆಯಲ್ಲಿ, ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ಆದರೆ ಜನರು ಎಚ್ಚರವಾಗಿರದ ಊರಿನಲ್ಲಿ ಎಂಥ ತೀರ್ಪೂ ಕಾಗದವಾಗಿಯೇ ಉಳಿಯುವುದು.

ಎಚ್ಚರಗೊಂಡ ಜನರು ಏನು ಮಾಡಬಲ್ಲರೆಂಬುದಕ್ಕೆ ಹಾನಗಲ್ಲ ತಾಲ್ಲೂಕಿನ ಕುಸನೂರೇ ಸಾಕ್ಷಿ. 1984ರಲ್ಲಿ ಸರಕಾರವು ಕಾರಖಾನೆಯೊಂದರ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಕಟ್ಟಿತು. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ ಮೊದಲಾದ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರು ನೆಲವನ್ನು ನೀಲಗಿರಿ ಬೆಳೆಯಲು ಅದಕ್ಕೆ ಕೊಡುವುದಾಗಿ ಗೊತ್ತಾಯಿತು. ಊರವರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ನೆಲವದು. ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯದವರೂ ಸುಪ್ರೀಂ ಕೋರ್ಟಿನ ಮೊರೆಹೊಕ್ಕು 1987ರಲ್ಲಿ ತಡೆಯಾಜ್ಞೆಯನ್ನು ಪಡೆದರು. ಅದೇ ವರುಷ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವು ನಡೆಯಿತು. ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಸಸಿಗಳನ್ನು ನೆಟ್ಟರು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ನಿರ್ಣಯವಾಯಿತು. ಸತ್ಯಾಗ್ರಹಿಗಳು ಕೀಳುವುದರೊಡನೆ ಹಚ್ಚುವುದನ್ನೂ ಸೇರಿಸಿದುದು ಮನನೀಯವಾಗಿದೆ.

ಯಾತಕ್ಕೆಂದರೆ, ನೆಲವು ಕೈಗೆ ಬಂದ ಮಾತ್ರಕ್ಕೆ ಹುಲ್ಲು ಬಾರದು. ವರುಷವಿಡೀ ಬಿಡುವಿಲ್ಲದೆ ಮೇಯಿಸಿದರೆ ದನಗಳು ಒಳ್ಳೆಯ ಹುಲ್ಲನ್ನು ಬೀಜ ಕಟ್ಟುವ ಮೊದಲೇ ತಿಂದು ಮುಗಿಸುವವು. ಮುಟ್ಟದೆ ಬಿಟ್ಟ ಮುಳ್ಳು ಕಳೆಗಳು ಹಬ್ಬುವವು. ಗೊರಸಿನಡಿ ಗಟ್ಟಿಯಾದ ನೆಲದ ಮೇಲೆ ಮಳೆನೀರು ನಿಲ್ಲದೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುವುದು. ಆದುದರಿಂದ ಗೋಮಾಳವನ್ನು ಮೂರು ನಾಲ್ಕು ಪಾಲು ಮಾಡಿ, ಸರದಿಯಂತೆ ಒಂದು ಪಾಲನ್ನು ಮಳೆಗಾಲದಲ್ಲಿ ಮುಚ್ಚಿ, ಬೀಜ ಉದುರಿದ ಮೇಲೆ ಹುಲ್ಲನ್ನು ಕೊಯ್ದು ಹಂಚಿಕೊಳ್ಳತಕ್ಕದ್ದು. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಜಾಲಿಯನ್ನು ಬೇರುಸಹಿತ ತೆಗೆದು, ಅಂಜನ ಹುಲ್ಲಿನ ಬೀಜವನ್ನು ಬಿತ್ತಬಹುದು.

ಇಲ್ಲಿಯೇ ನಿಜವಾದ ಕಷ್ಟವಿರುವುದು. ಮುಚ್ಚಿದ ಪಾಲಿನ ಹೊರೆ ಮೊದಲು ಬೀಳುವುದು ಎರಡು ಆಡುಗಳ ಒಡತಿಯ ಮೇಲೆ. ಅವಳ ಹೊಟ್ಟೆಯ ಮೇಲೆ ಹೊಡೆದು ಬೆಳೆಸಿದ ಹುಲ್ಲಿಗೆ ಬೇಲಿಯೂ ನಿಲ್ಲದು, ಕಾವಲುಗಾರನೂ ಸಾಲನು. ಹರಿಯಾಣದ ಸುಖೋಮಾಜರಿ ಎಂಬ ಹಳ್ಳಿಯವರು 1970ರ ದಶಕದಲ್ಲಿ ಇದಕ್ಕೆ ದಾರಿ ಕಂಡರು. ಅಲ್ಲಿ ಮಳೆನೀರನ್ನು ತಡೆಯಲು ಮಣ್ಣಿನ ಒಡ್ಡುಗಳನ್ನು ಕಟ್ಟಿ, ಆ ನೀರಿನಲ್ಲಿ ಹೊಲವಿಲ್ಲದ ಮನೆಗಳಿಗೂ ಸಮಪಾಲು ಕೊಟ್ಟರು. ಎಲ್ಲರಿಗೂ ಪಾಲು ದೊರೆತುದರಿಂದ ಎಲ್ಲರೂ ಗುಡ್ಡದ ಮೇಲೆ ದನ ಬಿಡುವುದನ್ನು ತಾವಾಗಿಯೇ ನಿಲ್ಲಿಸಿದರು. ಗುಡ್ಡಗಳಲ್ಲಿ ಹುಲ್ಲು ಮರಳಿತು. ನಮ್ಮ ಊರುಗಳಲ್ಲಿಯೂ ಕೊಯ್ದ ಹುಲ್ಲಿನ ಮೊದಲ ಪಾಲು ಹೊಲವಿಲ್ಲದವರಿಗೆ ಸಲ್ಲಲಿ. ಕುರುಬರ ಮಂದೆ ಹಾದುಹೋಗುವ ದಾರಿಯನ್ನು ಅವರೊಡನೆ ಕೂತು ಗೊತ್ತುಮಾಡಲಿ. ಹೆಚ್ಚು ದನವುಳ್ಳವರು ಹೆಚ್ಚು ದುಡಿಮೆ ಕೊಡಲಿ.

ಉಪಾಧ್ಯಾಯ ಬಂಧುಗಳೇ, ಇದರಲ್ಲಿ ನಿಮ್ಮ ಪಾತ್ರವು ಹಿರಿದು. ಊರಿನ ನಕಾಶೆಯನ್ನೂ ಪಹಣಿಯನ್ನೂ ಓದಬಲ್ಲವರು ನೀವು. ಈ ಬೇಸಿಗೆಯಲ್ಲಿ ಹಿರಿಯ ವಿದ್ಯಾರ್ಥಿಗಳೊಡನೆ ಗೋಮಾಳದ ಎಲ್ಲೆಯನ್ನು ಸುತ್ತಿರಿ. ಎಷ್ಟು ಎಕರೆ ದಾಖಲೆಯಲ್ಲಿದೆ, ಎಷ್ಟು ನೆಲದ ಮೇಲಿದೆ ಎಂಬ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಗಟ್ಟಿಯಾಗಿ ಓದಿ ಹೇಳಿರಿ. ಅರ್ಜಿ, ಕಚೇರಿ, ನ್ಯಾಯಾಲಯಗಳ ಕೆಲಸಕ್ಕೆ ವಕೀಲರಾದ ನಾವು ಸಂಬಳವಿಲ್ಲದೆ ನಿಲ್ಲುವೆವು. ಮುಂಗಾರಿಗೆ ಮೊದಲು ಒಂದೊಂದು ಊರಿನಲ್ಲಿ ಒಂದೊಂದು ಪಾಲಾದರೂ ಮುಚ್ಚಲ್ಪಟ್ಟು, ಬೀಜ ಬಿದ್ದಿರಲಿ ಎಂದು ಪ್ರಾರ್ಥಿಸಿ ನಮ್ಮ ಮಾತನ್ನು ಮುಗಿಸುವೆವು.